ನಮ್ಮ ಹಸು ಕರು ಹಾಕೋದು ಯಾವತ್ತು?

ಕೋಲಾರದ ಹತ್ತಿರ ನಮ್ಮ ಊರಿನ ಮನೆಯಲ್ಲಿ, ಕೊಟ್ಟಿಗೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ಇದೆ. ಹಸು ಬೆದೆಗೆ ಬಂದು ಗರ್ಭ ಕಟ್ಟಲೆಂದು ಸೂಜಿ ಹಾಕಿಸಿದ ದಿನಕ್ಕೆ ಅಮ್ಮ ಅದರಲ್ಲಿ ಸುತ್ತು ಹಾಕುತ್ತಾಳೆ. ಅಲ್ಲಿಂದ ಸುಮಾರು 280 ದಿನಕ್ಕೆ ಕರು. ಅದಕ್ಕೆ 60 ದಿನ ಮೊದಲೇ ಹಾಲು ಬತ್ತಿಸಬೇಕು. ಕೆಚ್ಚಲಿಗೆ ಆ ಬಿಡುವು ಸಿಗದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಕಡಿಮೆ.

"ಹಾಳೆ ತಿರುವಿ ಎಣಿಸಿ ಸಾಕಾಯ್ತು ಕಣೋ, ನಿನ್ನ ಕಂಪ್ಯೂಟರ್ ಹೇಳಲ್ವಾ?" ಅಂದಳು.

ಪ್ರೋಗ್ರಾಂ ಬರೆಯುವುದೇ ನನ್ನ ಕೆಲಸ. ಮೊದಲು ಸುಮ್ನೆ ಒಂಬತ್ತು ತಿಂಗಳು ಕೂಡಿಸಿ ನೋಡಿದೆ. ಸೂಜಿ ಹಾಕಿಸಿದ್ದು 2023ರ ಮೇ 31. ಕೂಡಿಸಿದರೆ ಫೆಬ್ರವರಿ 31! ಅಂಥ ದಿನವೇ ಇಲ್ಲ. ಜಾವಾ ಎಂಬ ಪ್ರೋಗ್ರಾಂ ಭಾಷೆಯ ಈಗಿನ ಲೈಬ್ರರಿ (ಸಿದ್ಧ ಕೋಡ್) ಹಿಂದೆ ಸರಿದು ಫೆಬ್ರವರಿ 29 ಅನ್ನುತ್ತದೆ. ಇನ್ನೊಂದು ಭಾಷೆ ಜಾವಾಸ್ಕ್ರಿಪ್ಟ್ ಉಳಿದ ಎರಡು ದಿನವನ್ನು ಮುಂದಕ್ಕೆ ತಳ್ಳಿ ಮಾರ್ಚ್ 2 ಅನ್ನುತ್ತದೆ. ಯಾವುದೂ ತಪ್ಪಲ್ಲ. ತಿಂಗಳು ಹೂವಿನ ಮೊಳದ ಹಾಗೆ, ಅಳೆಯುವ ಕೈ ಬದಲಾದರೆ ಉದ್ದವೂ ಬದಲು.

ಹಾಗಾಗಿ ತಿಂಗಳನ್ನು ಬಿಟ್ಟು ದಿನ ಎಣಿಸಬೇಕು. 1970ರ ಜನವರಿ 1ಕ್ಕೆ ಸೊನ್ನೆ ಎಂದು ಇಟ್ಟುಕೊಂಡು ಪ್ರತಿ ದಿನಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟರೆ ಮುಗಿಯಿತು. ಆಮೇಲೆ ಬರೀ ಕಳೆಯುವ ಲೆಕ್ಕ.

ಆ ಸಂಖ್ಯೆ ಹುಡುಕುವ ಉಪಾಯ ನನಗೆ ತುಂಬಾ ಇಷ್ಟ. ವರ್ಷವನ್ನು ಮಾರ್ಚ್‌ನಿಂದ ಶುರು ಮಾಡುತ್ತಾರೆ. ಯುಗಾದಿಗೆ ಹೊಸ ವರ್ಷ ಮಾಡುವ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ, ಅಲ್ವಾ? ಆಗ ಫೆಬ್ರವರಿ ಕೊನೆಯ ತಿಂಗಳು. ಅಧಿಕ ದಿನ ವರ್ಷದ ಬಾಲಕ್ಕೆ ಹೋಗುತ್ತದೆ, ಬೇರೆ ತಿಂಗಳುಗಳನ್ನು ಕದಲಿಸುವುದಿಲ್ಲ. ಮಾರ್ಚ್‌ನಿಂದ ಜುಲೈಗೆ 153 ದಿನ. ಆಗಸ್ಟ್‌ನಿಂದ ಡಿಸೆಂಬರ್‌ಗೂ ಅಷ್ಟೇ. ಈಗ ಮಾರ್ಚ್‌ಗೆ 0, ಏಪ್ರಿಲ್‌ಗೆ 1 ಎಂದು ಎಣಿಸಿ. ಜೂನ್‌ಗೆ 3. ಮೂರನ್ನು 153ರಿಂದ ಗುಣಿಸಿ 2 ಕೂಡಿದರೆ 461. ಐದರಿಂದ ಭಾಗಿಸಿ ಶೇಷ ಬಿಟ್ಟರೆ 92. ಜೂನ್‌ಗೆ ಮೊದಲಿನ ಮೂರು ತಿಂಗಳನ್ನು ಎಣಿಸಿ ನೋಡಿ: 31, 30, 31. ಸರಿಯಾಗಿ 92! ಎಲ್ಲ ತಿಂಗಳಿಗೂ ಇದೇ ಒಂದು ಸೂತ್ರ ಸಾಕು.

ಇನ್ನು ಅಧಿಕ ವರ್ಷ. ನಾಲ್ಕರಿಂದ ಭಾಗವಾದರೆ ಅಧಿಕ, ನೂರರಿಂದ ಭಾಗವಾದರೆ ಅಲ್ಲ, ನಾನೂರರಿಂದ ಭಾಗವಾದರೆ ಮತ್ತೆ ಹೌದು. ಉದಾಹರಣೆಗೆ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂದದ್ದು 1902ರ ಜೂನ್ 30. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ನಡುವೆ 36,038 ದಿನ. ನಾನೂರರ ನಿಯಮ ಮರೆತರೆ 2000ದ ಫೆಬ್ರವರಿ 29 ಬಿಟ್ಟುಹೋಗಿ ಒಂದು ದಿನ ಕಡಿಮೆ ಬರುತ್ತದೆ.

ಎರಡು ದಿನಗಳ ನಡುವಿನ ಸೆಕೆಂಡುಗಳನ್ನು ಲೆಕ್ಕ ಹಾಕಿ, ಒಂದು ದಿನದ ಸೆಕೆಂಡುಗಳಾದ 86,400ರಿಂದ ಭಾಗಿಸುವವರೂ ಇದ್ದಾರೆ. ಅದು ನಂಬಿಕೆಯ ದಾರಿಯಲ್ಲ. ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ನಮ್ಮ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಮುಂದಿಟ್ಟ ಆ ದಿನಕ್ಕೆ 23 ಗಂಟೆ ಮಾತ್ರ. ಭಾಗಿಸಿ ಶೇಷ ಬಿಟ್ಟರೆ ಒಂದು ದಿನವೇ ಮಾಯ.

ನಮ್ಮ ಹಸುವಿಗೆ ಬಂದ ಉತ್ತರ 2024ರ ಮಾರ್ಚ್ 6. ಹಾಲು ಬತ್ತಿಸಬೇಕಾದ್ದು ಜನವರಿ 6.

"ಸೂಜಿ ಹಾಕಿಸಿದ ದಿನಾನೂ ಸೇರಿಸ್ಕೊಂಡ್ಯಾ?" ಎಂದು ಅಮ್ಮ ಕೇಳಿದಳು. ಪ್ರೋಗ್ರಾಂ ಬರೆಯುವವರು ಜಾಸ್ತಿ ಎಡವುವುದು ಇಲ್ಲೇ. ಕಳೆದಾಗ ಮೊದಲ ದಿನ ಲೆಕ್ಕಕ್ಕೆ ಬರುವುದಿಲ್ಲ. ಅದೂ ಬೇಕೆಂದರೆ ಒಂದು ಕೂಡಿಸಬೇಕು. ಇದನ್ನು ಕಂಪ್ಯೂಟರ್ ತಾನಾಗಿ ಊಹಿಸುವುದಿಲ್ಲ, ನಾವೇ ಹೇಳಬೇಕು. ಮಾರನೇ ದಿನದಿಂದ ಎಣಿಸಿದ್ದೀನಿ ಅಂದೆ. ಅಮ್ಮನೂ ಹಾಗೇ ಎಣಿಸುವುದಂತೆ.

ಹೊಸ ಕ್ಯಾಲೆಂಡರ್ ಬಂದಾಗ ಎರಡೂ ದಿನಕ್ಕೆ ಸುತ್ತು ಹಾಕಿದೆವು. ಕರು ಹಾಕಿದ್ದು ಮಾರ್ಚ್ 4ರ ಬೆಳಗಿನ ಜಾವ, 278ನೇ ದಿನ.