ಸಿಗರೇಟ್ ಬಿಟ್ಮೇಲೆ ಹೊಟ್ಟೆ ಬಂತು ಅನ್ನೋವ್ರಿಗೆ

ಸಿಗರೇಟ್ ಬಿಟ್ಟು ಎರಡ್ಮೂರು ತಿಂಗಳಾದೋರು ಓಪಿಡಿಗೆ ಬಂದ್ರೆ ಕೆಮ್ಮು ಹೋಯ್ತು ಅಂತ ಹೇಳೋದಕ್ಕಿಂತ ಮೊದ್ಲು ಪ್ಯಾಂಟ್ ಬಿಗಿ ಆಗ್ತಿದೆ ಸಾರ್ ಅಂತಾರೆ. ಕೆಲವರಂತೂ ಈ ಹೊಟ್ಟೆಗಿಂತ ಸಿಗರೇಟೇ ವಾಸಿ ಅಂತ ಆಗ್ಲೇ ವಾಪಸ್ ಶುರು ಮಾಡ್ಕೊಂಡಿರ್ತಾರೆ.

ತೂಕ ಏರೋದು ನಿಜಾನೇ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 62 ಸ್ಟಡಿ ಒಟ್ಟಿಗಿಟ್ಟು ನೋಡಿದ ಲೆಕ್ಕ ಬಂದಿತ್ತು, ಔಷಧಿ ಇಲ್ದೆ ಬಿಟ್ಟೋರಿಗೆ ಬಿಟ್ಟ ಒಂದು ವರ್ಷದಲ್ಲಿ ಸರಾಸರಿ 4.7 ಕೆಜಿ ಏರಿತ್ತು, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ 3 ತಿಂಗಳಲ್ಲೇ. ಆದ್ರೆ ಶೇ. 16ರಷ್ಟು ಜನ ಇಳಿದೂ ಇದ್ರು. ಸಿಗರೇಟಲ್ಲಿರೋ ನಿಕೋಟಿನ್ ಹಸಿವನ್ನ ಅದುಮಿಡುತ್ತೆ, ಸುಮ್ನೆ ಕೂತ್ರೂ ಮೈ ಸ್ವಲ್ಪ ಜಾಸ್ತಿ ಕ್ಯಾಲೊರಿ ಸುಡೋ ಹಾಗೆ ಮಾಡುತ್ತೆ, ಅದು ನಿಂತ್ರೆ ಎರಡೂ ಉಲ್ಟಾ.

ಇದು ಒಂದು ಭಾಗ ಅಷ್ಟೆ, ಇನ್ನೊಂದು ಕೈ ಅಭ್ಯಾಸ. ಲಾರಿ ಆಫೀಸಿನ ಗುಮಾಸ್ತ ಒಬ್ರು, ಊಟ ಜಾಸ್ತಿ ಮಾಡ್ತಿಲ್ಲ ಸಾರ್ ಅಂತ ಆಣೆ ಹಾಕ್ತಿದ್ರು, ಒಂದು ದಿನ ಬಾಯಿಗೆ ಹೋಗಿದ್ದೆಲ್ಲ ಬರೆದ್ಕೊಂಡು ಬನ್ನಿ ಅಂದೆ. ಚೀಟಿ ನೋಡಿದ್ರೆ ಊಟ ಸರಿಯಾಗೇ ಇದೆ, ಆದ್ರೆ ಮೊದ್ಲು ಟೀ ಜೊತೆ ದಮ್ ಹೊಡೀತಿದ್ದ ಟೈಮಿಗೆಲ್ಲ ನಿಪ್ಪಟ್ಟು, ಬೆಣ್ಣೆ ಬಿಸ್ಕೆಟ್ಟು, ಊಟ ಆದ್ಮೇಲೆ ಸ್ವೀಟ್ ಬೀಡಾ, ಮಧ್ಯೆ ಜೇಬಲ್ಲಿ ಪೆಪ್ಪರ್‌ಮಿಂಟು. ಊಟ ಈಗಿರೋ ಹಾಗೇ ಇರ್ಲಿ, ಟೀಗೆ ಸಕ್ಕರೆ ಅರ್ಧ ಮಾಡಿ, ಜೇಬಲ್ಲಿ ಹುರಿಗಡಲೆ ಇಟ್ಕೊಳ್ಳಿ, ಊಟ ಆದ ತಕ್ಷಣ ಎದ್ದು ಒಂದು ರೌಂಡ್ ನಡೀರಿ ಅಂದೆ, ಅಷ್ಟಕ್ಕೇ ಏರೋದು ನಿಂತಿತು.

ಕಾಫಿ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಿಗರೇಟ್ ಹೊಗೆಯಿಂದ ಲಿವರ್ ಕೆಫೀನನ್ನ ಬೇಗ ಕರಗಿಸ್ತಿರುತ್ತೆ, ಬಿಟ್ಮೇಲೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೆ. ಎದೆ ಡವಡವ, ನಿದ್ದೆ ಇಲ್ಲ, ರಾತ್ರಿ ಹನ್ನೆರಡು ಗಂಟೆಗೆ ಎದ್ದು ತಿಂಡಿ ಡಬ್ಬ ತಡಕೋದು, ಎಲ್ಲಾನೂ ಸಿಗರೇಟ್ ಬಿಟ್ಟಿದ್ದಕ್ಕೆ ಅಂತ ತಿಳ್ಕೋತಾರೆ. ಕಾಫಿ ಅರ್ಧ ಮಾಡಿ ನೋಡಿ.

ಮೊದಲ ವಾರಗಳಲ್ಲಿ ಉಪವಾಸ, ಕ್ರ್ಯಾಶ್ ಡಯಟ್ ಮಾತ್ರ ಬೇಡ. ಹೊಟ್ಟೆ ಹಸಿದಾಗ ಸಿಗರೇಟ್ ಚಟಾನೂ ಜೋರಾಗುತ್ತೆ. ನಿಕೋಟಿನ್ ಗಮ್ ತಗೊಳ್ಳೋ ಅಷ್ಟು ದಿನ ತೂಕ ಏರೋದು ಸ್ವಲ್ಪ ನಿಧಾನ ಆಗುತ್ತೆ, ಡಾಕ್ಟರ್ ಕೇಳಿ ತಗೊಳ್ಳಿ, ಇಲ್ಲಾ ತಂಬಾಕು ಬಿಡೋಕೆ ಸಹಾಯ ಮಾಡೋ 1800-11-2356 ಕ್ವಿಟ್‌ಲೈನಿಗೆ ಫೋನ್ ಮಾಡಿ, ಫ್ರೀ. ನಾಲ್ಕೈದು ಕೆಜಿ ಏರಿದ್ರೂ ಹಾರ್ಟ್ ವಿಷಯದಲ್ಲಿ ಲಾಭ ನಿಮ್ಗೇ.

ಶುಗರ್ ಇರೋರು ಮೊದಲ ತಿಂಗಳುಗಳಲ್ಲಿ ಟೆಸ್ಟ್ ತಪ್ಪಿಸ್ಬೇಡಿ. ತೂಕ ಏರಿದ್ರೆ ಶುಗರ್ ಏರ್ಬೋದು, ಇನ್ಸುಲಿನ್ ತಗೊಳ್ಳೋ ಕೆಲವರಿಗೆ ಡೋಸ್ ಕಮ್ಮಿನೂ ಸಾಕಾಗ್ಬೋದು, ನೀವಾಗೇ ಬದಲಾಯಿಸ್ಬೇಡಿ, ರಿಪೋರ್ಟ್ ತಗೊಂಡು ಬನ್ನಿ.