ಉತ್ಸವದಿಂದ ಊರಿಗೆ ಎಷ್ಟು ದುಡ್ಡು ಬಂತು? ಆ ಲೆಕ್ಕ ಹಾಕುವುದು ಹೇಗೆ?

ಓದುಗರ ಪ್ರಶ್ನೆ: ದೊಡ್ಡ ಉತ್ಸವವೋ ಕ್ರೀಡಾಕೂಟವೋ ಮುಗಿದ ಮೇಲೆ "ಇದರಿಂದ ಊರಿಗೆ ಇಷ್ಟು ಕೋಟಿ ಲಾಭ ಆಯಿತು" ಎಂಬ ಸುದ್ದಿ ಬರುತ್ತದೆ. ಈ ಲೆಕ್ಕವನ್ನು ಹೇಗೆ ಹಾಕುತ್ತಾರೆ? ನಂಬಬಹುದಾ?

ಉತ್ತರ: ನಂಬುವಂಥ ಲೆಕ್ಕವೂ ಇದೆ, ಉಬ್ಬಿಸಿದ ಲೆಕ್ಕವೂ ಇದೆ. ಯಾವುದು ಯಾವುದು ಅಂತ ಪತ್ತೆ ಹಚ್ಚುವುದು ಅಂದುಕೊಂಡಷ್ಟು ಕಷ್ಟವಲ್ಲ. ಪ್ರವಾಸೋದ್ಯಮ ಮತ್ತು ಇವೆಂಟ್ ಮ್ಯಾನೇಜ್‌ಮೆಂಟ್ ಸಂಶೋಧಕರು ದಶಕಗಳಿಂದ ಇದರ ಬೆನ್ನು ಹತ್ತಿದ್ದಾರೆ. ಅವರ ಮೂಲ ನಿಯಮ ಇಷ್ಟೇ: ಉತ್ಸವ ನಡೆಯದೇ ಹೋಗಿದ್ದರೆ ಊರಿಗೆ ಬರುತ್ತಲೇ ಇರಲಿಲ್ಲ ಅನ್ನುವಂಥ ದುಡ್ಡನ್ನು ಮಾತ್ರ ಎಣಿಸಬೇಕು.

ಈ ನಿಯಮ ಕೆಲಸ ಮಾಡುವುದನ್ನು ನೋಡಬೇಕಾದರೆ ಗೇಟಿನ ಹತ್ತಿರ ನಿಲ್ಲಬೇಕು. ಕೈಯಲ್ಲಿ ಫಾರಂ ಹಿಡಿದ ಹುಡುಗಿಯೊಬ್ಬಳು ಹೊರಗೆ ಬರುವವರಲ್ಲಿ ಪ್ರತಿ ಇಪ್ಪತ್ತನೆಯವರನ್ನು ಮಾತಾಡಿಸುತ್ತಿದ್ದಾಳೆ ಅಂದುಕೊಳ್ಳಿ. ಇಷ್ಟ ಬಂದವರನ್ನು ನಿಲ್ಲಿಸುತ್ತಾ ಹೋದರೆ ಪುರುಸೊತ್ತು ಇರುವವರೇ ಜಾಸ್ತಿ ಸಿಗುತ್ತಾರೆ. ಅದಕ್ಕೇ ಈ ಇಪ್ಪತ್ತರ ಎಣಿಕೆ.

"ಸರ್, ಒಂದೆರಡು ನಿಮಿಷ. ಎಲ್ಲಿಂದ ಬಂದಿದ್ದೀರಿ?"

"ಬೇರೆ ಊರು. ತಂಗಿ ಮನೆಗೆ ಬಂದಿದ್ವಿ."

"ಈ ಉತ್ಸವ ಇಲ್ಲದಿದ್ದರೂ ಬರ್ತಿದ್ರಾ?"

"ಬರ್ತಿದ್ವಿ. ತಂಗಿಗೆ ಮಗು ಆಗಿದೆ, ನೋಡೋಕೆ ಬಂದಿದ್ದು. ಇದೂ ನಡೀತಿತ್ತಲ್ಲ, ಹಾಗೇ ಬಂದ್ವಿ."

ಅಷ್ಟೇ. ಅವರ ಪ್ರಯಾಣ, ಊಟ, ಅಂಗಡಿಯ ಖರ್ಚು ಹೆಚ್ಚುಕಡಿಮೆ ಎಲ್ಲವೂ ಲೆಕ್ಕದಿಂದ ಹೊರಗೆ ಹೋಯಿತು. ಅವರು ಉತ್ಸವಕ್ಕೆಂದೇ ಒಂದು ರಾತ್ರಿ ಜಾಸ್ತಿ ಉಳಿದಿದ್ದರೆ ಆ ರಾತ್ರಿಯ ಖರ್ಚನ್ನು ಮಾತ್ರ ಸೇರಿಸಬಹುದು. ಹೇಗೂ ಬರಬೇಕಿದ್ದು, ಬರೀ ತಾರೀಖನ್ನು ಹಿಂದೆ ಮುಂದೆ ಮಾಡಿಕೊಂಡವರದ್ದೂ ಇದೇ ಕಥೆ. ಊರಿನವರ ಖರ್ಚನ್ನಂತೂ ಸೇರಿಸುವಂತೆಯೇ ಇಲ್ಲ. ಅವರು ಇಲ್ಲಿ ಟಿಕೆಟ್‌ಗೆ ಕೊಟ್ಟ ದುಡ್ಡನ್ನು ಬೇರೆ ವಾರ ಅದೇ ಊರಿನ ಸಿನಿಮಾಕ್ಕೋ ಹೋಟೆಲಿಗೋ ಕೊಡುತ್ತಿದ್ದರು, ಅಲ್ವಾ? ಜೇಬು ಬದಲಾಯಿತು, ಊರಿಗೆ ಹೊಸದಾಗಿ ಏನೂ ಬರಲಿಲ್ಲ.

ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ಕ್ರಾಂಪ್ಟನ್ 1995ರಲ್ಲಿ ಇಂಥ 11 ತಪ್ಪುಗಳನ್ನು ಒಂದು ಪ್ರಬಂಧದಲ್ಲಿ ಒಂದೊಂದಾಗಿ ಬಿಡಿಸಿಟ್ಟರು. ಈ ವಿಷಯ ಓದುವವರು ಇಂದಿಗೂ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಊರಿನವರನ್ನೂ, ಹೇಗೂ ಬರುತ್ತಿದ್ದವರನ್ನೂ ಸೇರಿಸಿಬಿಡುವುದು ಆ ಪಟ್ಟಿಯಲ್ಲೇ ಇದೆ.

ಮತ್ತೆ ಫಾರಂ ಕಡೆ ಬರೋಣ. "ಒಟ್ಟು ಎಷ್ಟು ಖರ್ಚಾಯಿತು?" ಎಂದು ಕೇಳಿದರೆ ಸಾಕಾಗುವುದಿಲ್ಲ. "ಅದು ಎಷ್ಟು ಜನರ ಖರ್ಚು?" ಎಂದೂ ಕೇಳಬೇಕು. ಅಪ್ಪ ಹೇಳಿದ ಮೊತ್ತ ನಾಲ್ಕು ಜನರ ಕುಟುಂಬದ್ದು. ಅದನ್ನು ತಲೆಗೊಂದರಂತೆ ಗುಣಿಸಿದರೆ ಲೆಕ್ಕ ಅಲ್ಲೇ ನಾಲ್ಕು ಪಟ್ಟು ಆಯಿತು. ಗೇಟಿನಲ್ಲಿ ಎಣಿಸಿದ 10,000 ಎಂಬುದು ಒಳಗೆ ಹೋದ ಸಲಗಳ ಸಂಖ್ಯೆ, ಜನರ ಸಂಖ್ಯೆ ಬೇರೆ. ಪ್ರತಿಯೊಬ್ಬರೂ ಎರಡು ಸಲ ಬಂದಿದ್ದರೆ ಜನ 5,000 ಅಷ್ಟೇ. ಎರಡೂ ತಪ್ಪು ಒಟ್ಟಿಗೆ ಸೇರಿದರೆ ಎಂಟು ಪಟ್ಟು. ಯಾರೂ ಸುಳ್ಳು ಹೇಳಲಿಲ್ಲ, ಒಂದು ಪ್ರಶ್ನೆ ಬಿಟ್ಟುಹೋಯಿತು ಅಷ್ಟೇ. ನನ್ನನ್ನು ಬಹಳ ಕಾಡುವುದು ಇದೇ.

ಇದಾದ ಮೇಲೆ ಬರುವುದು ಗುಣಕ. ಪ್ರವಾಸಿ ಹೋಟೆಲಿಗೆ ಕೊಟ್ಟ ದುಡ್ಡು ಅಲ್ಲೇ ನಿಲ್ಲುವುದಿಲ್ಲ. ಹೋಟೆಲಿನವರು ತರಕಾರಿಯವನಿಗೆ, ಕೆಲಸದವರಿಗೆ ಕೊಡುತ್ತಾರೆ. ಅವರು ಇನ್ನೊಬ್ಬರಿಗೆ ಕೊಡುತ್ತಾರೆ. ಆದರೆ ಪ್ರತಿ ಸುತ್ತಿನಲ್ಲೂ ಒಂದಷ್ಟು ಸೋರುತ್ತದೆ: ಹೊರಗಿನಿಂದ ತರಿಸಿದ ಸಾಮಾನು, ಬೇರೆ ಊರಿನ ಮಾಲೀಕರಿಗೆ ಹೋಗುವ ಲಾಭ, ತೆರಿಗೆ, ಉಳಿತಾಯ. 100ರಲ್ಲಿ 60 ಸೋರಿ 40 ಊರಲ್ಲೇ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಮುಂದಿನ ಸುತ್ತಿಗೆ 16, ಆಮೇಲೆ 6.4. ಮೊದಲ 100ನ್ನೂ ಸೇರಿಸಿ ಎಲ್ಲ ಕೂಡಿದರೆ ಸುಮಾರು 167. ಅಂದರೆ ಗುಣಕ 1.67. ಚಿಕ್ಕ ಊರಲ್ಲಿ ಸೋರಿಕೆ ಜಾಸ್ತಿ, ಆದ್ದರಿಂದ ಗುಣಕ ಕಡಿಮೆ. ಇಡೀ ದೇಶದ ಗುಣಕವನ್ನು ತಂದು ಒಂದು ಊರಿಗೆ ಹಾಕಿದ್ದು ಕಂಡರೆ ಆ ವರದಿಯನ್ನು ಅಲ್ಲೇ ಬದಿಗಿಡಿ. ಇನ್ನೊಂದು ಮಾತು: ಈ 167 ಒಟ್ಟು ವಹಿವಾಟು. ಜನರ ಕೈಗೆ ಸಂಬಳವಾಗಿ, ಆದಾಯವಾಗಿ ಸೇರುವುದು ಅದರಲ್ಲೊಂದು ಪಾಲು ಮಾತ್ರ. ಸುದ್ದಿಯಲ್ಲಿ ಮಾತ್ರ ದೊಡ್ಡ ಅಂಕಿಯೇ "ಲಾಭ" ಆಗಿಬಿಡುತ್ತದೆ.

ಈ ಸುತ್ತುಗಳ ಲೆಕ್ಕದ ಹಿಂದಿರುವುದು ವಾಸಿಲಿ ಲಿಯಾಂಟಿಯೆಫ್ ಕಟ್ಟಿದ ಇನ್‌ಪುಟ್-ಔಟ್‌ಪುಟ್ ವಿಧಾನ, ಅಂದರೆ ಯಾವ ಉದ್ಯಮ ಯಾವುದರಿಂದ ಎಷ್ಟು ಕೊಳ್ಳುತ್ತದೆ ಎಂದು ಪಟ್ಟಿ ಮಾಡಿ ಲೆಕ್ಕ ಹಾಕುವುದು. ಅದಕ್ಕಾಗಿ ಅವರಿಗೆ 1973ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ಕೆಲಸದವರು, ಕೋಣೆಗಳು ಬೇಕಾದಷ್ಟು ಸಿಗುತ್ತವೆ ಎಂದು ಆ ವಿಧಾನ ಮೊದಲೇ ಒಪ್ಪಿಕೊಂಡುಬಿಡುತ್ತದೆ. ನಿಜದಲ್ಲಿ ಹಾಗಿರುವುದಿಲ್ಲ. ಉತ್ಸವಕ್ಕೆ ಬಂದವರು ಕೋಣೆ ತುಂಬಿದರೆ ಮಾಮೂಲಿ ಪ್ರವಾಸಿಗಳು ದೂರ ಉಳಿಯುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್ ನಡೆದ ಆಗಸ್ಟ್‌ನಲ್ಲಿ ಬ್ರಿಟನ್‌ಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ವರ್ಷದ ಆಗಸ್ಟ್‌ಗಿಂತ ಕಡಿಮೆ ಇತ್ತು. ಅವರ ಒಟ್ಟು ಖರ್ಚು ಮಾತ್ರ ಏರಿತ್ತು. ಬಂದವರನ್ನಷ್ಟೇ ಎಣಿಸಿ, ಬಾರದೇ ಹೋದವರನ್ನು ಬಿಟ್ಟರೆ ಅರ್ಧ ಚಿತ್ರ ಸಿಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರಾದ ಲ್ಯಾರಿ ಡ್ವೈಯರ್, ಪೀಟರ್ ಫೋರ್ಸೈತ್, ರೇ ಸ್ಪರ್ ಈ ಕೊರತೆ ತುಂಬಲು ಇಡೀ ಅರ್ಥವ್ಯವಸ್ಥೆಯನ್ನು ಒಟ್ಟಿಗೆ ನೋಡುವ ಮಾದರಿಗಳನ್ನು ಬಳಸಿದರು. ಹಾಗೆ ನೋಡಿದಾಗ ಸಿಗುವ ಅಂಕಿ ಸಾಮಾನ್ಯವಾಗಿ ಚಿಕ್ಕದೇ.

ಹಣ ಕಡಿಮೆ ಬಂತೆಂದು ಉತ್ಸವ ಬೇಡ ಅಂತಲ್ಲ. ಊರಿನವರ ಖುಷಿ, ಟ್ರಾಫಿಕ್ಕು, ಗದ್ದಲ, ಹೆಮ್ಮೆ ಇವೆಲ್ಲವನ್ನೂ ಅಳೆಯುವ ಸಂಶೋಧನೆ ಬೇರೆಯೇ ಇದೆ. ಅವನ್ನು ದುಡ್ಡಿನ ಲೆಕ್ಕದೊಳಗೆ ತುರುಕದೆ ಬೇರೆಯಾಗಿಯೇ ತೋರಿಸಲಿ.

ಇನ್ನು ನೀವು ಮಾಡಬಹುದಾದ ಕೆಲಸ. ಪೂರ್ತಿ ವರದಿ ಸಿಕ್ಕರೆ ಮೊದಲ ಪುಟದ ದೊಡ್ಡ ಅಂಕಿಯನ್ನು ಬಿಟ್ಟು ನೇರವಾಗಿ ಕೊನೆಯ ಪುಟಗಳಿಗೆ ಹೋಗಿ. ಸರಿಯಾದ ವರದಿಯಾದರೆ ಗೇಟಿನಲ್ಲಿ ತುಂಬಿಸಿದ ಫಾರಂ ಅಲ್ಲಿ ಲಗತ್ತಾಗಿರುತ್ತದೆ. ಅದರಲ್ಲಿ "ಈ ಉತ್ಸವ ಇಲ್ಲದಿದ್ದರೂ ಬರುತ್ತಿದ್ದಿರಾ?" ಎಂಬ ಪ್ರಶ್ನೆ ಇದೆಯಾ ನೋಡಿ. ಲೆಕ್ಕ ಮಾಡಿಸಲು ದುಡ್ಡು ಕೊಟ್ಟವರು ಯಾರು ಎಂಬುದನ್ನೂ ಅಲ್ಲೇ ಹುಡುಕಿ.