ದಕ್ಷಿಣಕ್ಕೆ ಒಬ್ಬರೇ ಹೊರಟವರಿಗೆ ಆರು ವಾರ ಬೇಕು

ಅಕ್ಟೋಬರ್ ಬಂದರೆ ಸಾಕು, ಅಮೆರಿಕದ ಚೆಸಪೀಕ್ ಕೊಲ್ಲಿಯ ಹಾಯಿದೋಣಿಗಳು ಚಳಿ ತಪ್ಪಿಸಿಕೊಳ್ಳಲು ಫ್ಲಾರಿಡಾ ಕಡೆ ಹೊರಡುತ್ತವೆ. ಹಾಯಿದೋಣಿ ನಡೆಸುವುದನ್ನು ಕಲಿಸುವ ನನಗೆ ಆಗ ಬರುವ ಪ್ರಶ್ನೆ ಒಂದೇ: 'ಒಬ್ಬನೇ ಹೋಗ್ತಿದ್ದೀನಿ, ಎಷ್ಟು ದಿನ ಹಿಡಿಯುತ್ತೆ?'

ಹೆಚ್ಚಿನವರು ಹಿಡಿಯುವ ಇಂಟ್ರಾಕೋಸ್ಟಲ್ ವಾಟರ್‌ವೇ ಎಂದರೆ ನದಿ, ಅಳಿವೆ, ಕಾಲುವೆಗಳನ್ನು ಪೋಣಿಸಿದ ಒಳದಾರಿ. ಕೊಲ್ಲಿಯ ಬಾಯ ಬಳಿಯ ನಾರ್ಫೋಕ್‌ನಲ್ಲಿ ಸೊನ್ನೆ ಮೈಲು, ಫ್ಲಾರಿಡಾದ ಮಯಾಮಿಯಲ್ಲಿ ಸುಮಾರು 1,090. 5 ನಾಟ್ (ಗಂಟೆಗೆ ಸುಮಾರು 5.75 ಮೈಲು) ವೇಗದಲ್ಲಿ ದಿನಕ್ಕೆ 8 ಗಂಟೆ ಹೋದರೆ 45 ಮೈಲು ಸಾಗಬಹುದು. ಕಾಗದದ ಮೇಲೆ 25 ದಿನ ಸಾಕು. ನಾನು ಆರು ವಾರ ಇಟ್ಟುಕೊಳ್ಳಿ ಎನ್ನುತ್ತೇನೆ.

ಬೇಗ ಹೊರಡೋಣ ಎಂದರೆ ಚಂಡಮಾರುತದ ಕಾಲ ನವೆಂಬರ್ 30ರವರೆಗೂ ಇರುತ್ತದೆ. ನವೆಂಬರ್ 1ಕ್ಕೆ ಮೊದಲು ತೀರಾ ದಕ್ಷಿಣಕ್ಕೆ ಇಳಿಯಬಾರದು ಎನ್ನುವ ವಿಮಾ ಪಾಲಿಸಿಗಳೂ ಇವೆ. ತಡ ಮಾಡಿದರೆ ಹಗಲು ಸಾಲದು. ನವೆಂಬರ್ ನಡುವೆ ನಾರ್ಫೋಕ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಅಕ್ಟೋಬರ್ ಕೊನೆಗೆ ನಾರ್ಫೋಕ್ ಬಿಡುವುದು ನನ್ನ ಪದ್ಧತಿ. ಹೊರಗಿನ ಸಮುದ್ರದಲ್ಲಿ ಹೋದರೆ ಬೇಗ ಅಲ್ವಾ ಎನ್ನುತ್ತಾರೆ. ಆ ದಾರಿಯಲ್ಲಿ ಹ್ಯಾಟೆರಸ್ ಭೂಶಿರದ ಬಳಿ ಗಲ್ಫ್ ಸ್ಟ್ರೀಮ್ ಎಂಬ ಸಮುದ್ರ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಅದಕ್ಕೆದುರಾಗಿ ಉತ್ತರದ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ಏಳುತ್ತವೆ. ಒಂಟಿಯಾಗಿ ಹೋಗುವವರು ಆ ದಾರಿ ಹಿಡಿಯಬೇಡಿ.

ಒಳದಾರಿಯಲ್ಲಿ ಕಷ್ಟ ಬೇರೆ. ಚುಕ್ಕಾಣಿ ಹಿಡಿಯಲು ಇನ್ನೊಂದು ಕೈ ಇಲ್ಲ. ಕಿರಿದಾದ ಕಡೆ ಆಟೋಪೈಲಟ್ ನಂಬಿ ಟೀ ಮಾಡಲು ಕೆಳಗಿಳಿಯುವಂತಿಲ್ಲ. ಇಡೀ ದಿನದ ದಣಿವು ಸಂಜೆ ನಾಲ್ಕರ ಹೊತ್ತಿಗೆ ತಲೆಗೇರುತ್ತದೆ.

ಒಮ್ಮೆ ಜಾರ್ಜಿಯಾದಲ್ಲಿ, ಸತತ ಐದನೆಯ ದಿನ, ಇನ್ನೈದು ಮೈಲು ಹೋಗೇಬಿಡೋಣ ಎಂದುಕೊಂಡೆ. ಆಳ ತೋರಿಸುವ ಯಂತ್ರದಲ್ಲಿ 9 ಅಡಿ, 7, ಆಮೇಲೆ 5. ನನ್ನ ದೋಣಿಗೆ ಬೇಕಾದದ್ದೇ 5. ಮೆತ್ತಗೆ ಕೆಸರಿಗೆ ಕೂತಿತು. ಅಲ್ಲಿ ಉಬ್ಬರ ಇಳಿತದ ಅಂತರ 7ರಿಂದ 9 ಅಡಿ. ಆಗ ಇಳಿತ. ದೋಣಿ ನಿಧಾನವಾಗಿ ವಾಲಿತು, ಪಾತ್ರೆಗಳು ಒಂದೊಂದಾಗಿ ಜಾರಿ ಬಿದ್ದವು. ನಡುರಾತ್ರಿ ನೀರು ಏರುವವರೆಗೆ ಗೋಡೆಗೆ ಒರಗಿ ಕೂತಿದ್ದೆ. ಅಲ್ಲಿ ಆಳ ಕಡಿಮೆ ಎಂದು ನಕ್ಷೆಯಲ್ಲಿ ಬೆಳಿಗ್ಗೆಯೇ ನೋಡಿದ್ದೆ. ಸುಸ್ತಿನಲ್ಲಿ ಅದು ನೆನಪಿಗೇ ಬರಲಿಲ್ಲ.

ಈಗ ಮೂರು ದಿನ ಸಾಗಿದರೆ ಒಂದು ದಿನ ನಿಲ್ಲುತ್ತೇನೆ, ಗಾಳಿ ಚೆನ್ನಾಗಿದ್ದರೂ. ಮೂರೂವರೆಗೆ ಲಂಗರು ಬಿದ್ದಿರಬೇಕು. ನೆಂಟರಿಗೆ 'ಇಂಥ ದಿನ ಇಂಥ ಊರಲ್ಲಿ ಸಿಗ್ತೀನಿ' ಎಂದು ಮಾತು ಕೊಡುವುದಿಲ್ಲ. ಕೊಟ್ಟರೆ ಗಾಳಿ ಮಳೆ ನೋಡದೆ ಸುಮ್ನೆ ಓಡುತ್ತೇವೆ. ಜಾರ್ಜಿಯಾದ ಲಿಟಲ್ ಮಡ್ ನದಿಯಂಥ ಆಳ ಕಡಿಮೆ ಇರುವ ಕಡೆ ನೀರು ಅರ್ಧ ಏರಿದ ಮೇಲೆ, ಇನ್ನೂ ಏರುತ್ತಿರುವಾಗಲೇ ದಾಟಿ. ತಳ ತಾಗಿದರೂ ನೀರೇ ಎತ್ತಿ ಬಿಡುತ್ತದೆ. ಇಳಿತದಲ್ಲಿ ತಲುಪಿದರೆ ಮೊದಲೇ ಲಂಗರು ಹಾಕಿ, ಊಟ ಮಾಡಿ ಮಲಗಿ.